ಗಂಡನ ಹೆಸರು ಕಡ್ಡಾಯ

ನಾನು ಮದುವೆಯ ಆಮಂತ್ರಣ ಪತ್ರಿಕೆಯನ್ನು ಓದುವುದಿಲ್ಲ, ತಿದ್ದುತ್ತೇನೆ. ಇದು ಚಟ ಎನ್ನುತ್ತಾಳೆ ನನ್ನ ಹೆಂಡತಿ ಸುಮಂಗಲಾ. ಶಿಸ್ತು ಎನ್ನುತ್ತೇನೆ ನಾನು. ರೋಣದ ನಮ್ಮ ಓಣಿಯ ಹಿರಿಯರೊಬ್ಬರು ಒಮ್ಮೆ ಮಗಳ ಮದುವೆಯ ಪತ್ರಿಕೆಯನ್ನು ಮನೆಗೇ ಬಂದು ಕೊಟ್ಟರು. ಕೊನೆಯ ಸಾಲಿನಲ್ಲಿ ‘ಆಗಮಿಸಿ ಆಶೀರ್ವಾದಿಸಿ’ ಎಂದಿತ್ತು. ಅವರು ಚಹಾ ಕುಡಿದು ಮುಗಿಸುವುದರೊಳಗೆ ನಾನು ಕೆಂಪು ಪೆನ್ನಿನಿಂದ ಆ ದೀರ್ಘವನ್ನು ಹೊಡೆದು, ‘ಆಶೀರ್ವದಿಸಿ’ ಎಂದು ಮಾಡಿ, ಪತ್ರಿಕೆಯನ್ನು ಅವರ ಕೈಗೇ ಮರಳಿಸಿದೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಮದುವೆಗೆ ಸುಮಂಗಲಾ ಒಬ್ಬಳೇ ಹೋಗಿಬಂದಳು. ಊಟ ಬಹಳ ಚೆನ್ನಾಗಿತ್ತಂತೆ. ತಪ್ಪನ್ನು ತಪ್ಪು ಎಂದವನು ಮನೆಯಲ್ಲಿ ಉಪ್ಪಿಟ್ಟು ಮಾಡಿಕೊಂಡು ತಿನ್ನಬೇಕು, ತಪ್ಪು ಅಚ್ಚುಹಾಕಿಸಿದವರು ನೆಂಟರ ನಡುವೆ ಮೆರೆಯಬೇಕು, ಇದು ಯಾವ ನ್ಯಾಯ?

ನಾನು ನರೇಗಲ್ಲಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವನು. ಕೆಲವು ವರ್ಷಗಳ ಹಿಂದೆ ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ, ಅವನ್ನು ಮುಟ್ಟಲು ಹೆದರದವನು ನಾನೊಬ್ಬನೇ ಎಂಬ ಕಾರಣಕ್ಕೆ ಕಂಪ್ಯೂಟರ್ ಸರ್ ಆದೆ. ರಾತ್ರೋರಾತ್ರಿ ಪಂಡಿತನಾಗಲಿಲ್ಲ, ಪುಸ್ತಕ ಓದಿ, ಕೆಡಿಸಿ, ಸರಿಮಾಡಿ, ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಕಲಿತಾದ ಮೇಲೆ ನನಗೆ ಹಿಡಿಸಿದ್ದು ಅದರ ಒಂದೇ ಒಂದು ಭಾಗ. ಪರದೆಯ ಮೇಲಿನ ಅರ್ಜಿಯಲ್ಲಿ ಜನ ಏನು ಬರೆಯುತ್ತಾರೋ ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಸರಿಯಾಗಿದ್ದರೆ ಒಳಗೆ ಬಿಟ್ಟು, ತಪ್ಪಾಗಿದ್ದರೆ ಕೆಂಪಕ್ಷರದಲ್ಲಿ ಬೈದು ವಾಪಸು ಕಳಿಸುವ ಕೆಲಸ. ಖಾನೆ ಖಾಲಿ ಬಿಡಬಾರದು, ಫೋನ್ ನಂಬರಿಗೆ ಹತ್ತೇ ಅಂಕಿ ಇರಬೇಕು ಎಂಬಂಥ ಸಾಮಾನ್ಯ ನಿಯಮಗಳು ಸಿದ್ಧವಾಗಿಯೇ ಸಿಗುತ್ತವೆ. ಅವು ಸಾಲದಿದ್ದರೆ ನಮ್ಮ ನಿಯಮಗಳನ್ನು ನಾವೇ ಬರೆದುಕೊಳ್ಳಬಹುದು. ನಮ್ಮ ನಿಯಮಗಳನ್ನು ನಾವೇ! ಐವತ್ತು ದಾಟಿದ ಮೇಲೆ ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಯಾರು ನನಗೆ ಈ ಅಧಿಕಾರ ಕೊಟ್ಟಿದ್ದರು?

ಹೀಗಿರುವಾಗ ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಚನ್ನಬಸಣ್ಣ ನನ್ನನ್ನು ಹುಡುಕಿಕೊಂಡು ಬಂದರು. ಅವರೂ ಪೇಟೆಯ ಇನ್ನು ಕೆಲವರೂ ಸೇರಿ ಊರಲ್ಲಿ ಕಣ್ಣಿನ ಶಿಬಿರ ಮಾಡಲು ಹೊರಟಿದ್ದರು. ನೇಕಾರರಲ್ಲಿ ಅನೇಕರಿಗೆ ಕಣ್ಣಿಗೆ ಪೊರೆ ಬಂದು ಎಳೆ ಕಾಣದೆ ಮಗ್ಗ ಬಿಟ್ಟು ಕೂತಿದ್ದಾರೆ, ಹೊರಗಿನಿಂದ ಡಾಕ್ಟರುಗಳು ಬಂದು ಪುಕ್ಕಟೆ ಆಪರೇಷನ್ ಮಾಡುತ್ತಾರೆ, ಆದರೆ ನೂರು ಜನರಿಗೆ ಮಾತ್ರ. ಮೊದಲು ಹೆಸರು ಕೊಟ್ಟವರಿಗೆ ಮೊದಲು. ಅದಕ್ಕೊಂದು ಅರ್ಜಿ ಕಂಪ್ಯೂಟರಿನಲ್ಲಿ ಮಾಡಿಕೊಡಬೇಕು, ಜನ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲೋ ಮೊಬೈಲಿನಲ್ಲೋ ತುಂಬುತ್ತಾರೆ ಎಂದರು. ನಾನು ಎರಡು ದಿನದಲ್ಲಿ ಹನ್ನೆರಡು ಖಾನೆಗಳ ಅರ್ಜಿ ಮಾಡಿಕೊಟ್ಟೆ. ಜನರ ಮೇಲೆ ವಿಶ್ವಾಸವಿಟ್ಟು ಮೊದಲಿಗೆ ಒಂದೂ ನಿಯಮ ಹಾಕಲಿಲ್ಲ. ಆ ವಿಶ್ವಾಸಕ್ಕೆ ಅವರು ಮಾಡಿದ್ದನ್ನು ಕೇಳಿ. ‘ಊರು’ ಎಂಬಲ್ಲಿ ಒಬ್ಬರು ‘ನಮ್ಮೂರು’ ಎಂದು ಬರೆದಿದ್ದರು. ‘ವಯಸ್ಸು’ ಎಂಬಲ್ಲಿ ‘ಭಾಳ’. ಜಕ್ಕಲಿಯ ಒಬ್ಬರು ‘ಹುಟ್ಟಿದ ದಿನಾಂಕ’ದ ಖಾನೆಯಲ್ಲಿ ‘ಕಾರಹುಣ್ಣಿಮಿ ಮುಂದ, ನಮ್ಮ ಕರಿ ಎತ್ತು ತಂದ ವರ್ಷ’ ಎಂದು ಬರೆಸಿದ್ದರು. ‘ಫೋನ್’ ಎಂಬಲ್ಲಿ ಇನ್ನೊಬ್ಬರು ‘ಐತಿ’ ಎಂದಿದ್ದರು. ಹೇಳಿ, ಸಿಟ್ಟು ಬರಬಾರದೇ? ಸುಮಂಗಲಾ ಅದನ್ನೆಲ್ಲ ಓದಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಫೋನ್ ಇದೆಯೇ ಎಂದು ನೀವು ಕೇಳಿದ್ದೀರಿ, ಇದೆ ಎಂದಿದ್ದಾರೆ, ಇದರಲ್ಲಿ ಅವರ ತಪ್ಪೇನು ಎಂದಳು. ಗಣಿತ ಓದದವರ ಜೊತೆ ನಾನು ವಾದ ಮಾಡುವುದಿಲ್ಲ.

ನಿಯಮ ಬರೆಯಲು ಕೂತೆ. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು, ಬೇರೇನೂ ಇರಕೂಡದು ಎಂಬುದು ಮೊದಲನೆಯದು. ಎರಡು ದಿನ ಬಿಟ್ಟು ಚನ್ನಬಸಣ್ಣ ಫೋನ್ ಮಾಡಿದರು. “ಸರ, ಎರಡು ದಿನದಾಗ ಮೂರ ಹೆಸರು ಬಂದಾವ್ರಿ. ಬಸವ ಅನ್ನಾವ್ರು ಇಬ್ಬರು, ಕಮಲ ಅನ್ನಾಕಿ ಒಬ್ಬಾಕಿ. ಉಳಿದವ್ರಿಗೆಲ್ಲ ಕಣ್ಣು ಚಲೋ ಆದವೇನ್ರಿ?” ಎಂದರು. ಹುಡುಕಿದಾಗ ತಿಳಿಯಿತು: ನಾನು ಬಳಸಿದ ಸಿದ್ಧ ನಿಯಮದ ಲೆಕ್ಕದಲ್ಲಿ ಕ, ಬ, ಸ ಅಕ್ಷರಗಳು. ಆದರೆ ಅವುಗಳಿಗೆ ಹತ್ತುವ ಇಳಿ, ಗುಡಿಸು, ಕೊಂಬು, ಒತ್ತು ಇವು ಯಾವುವೂ ಅಕ್ಷರಗಳಲ್ಲ, ಬರೀ ಗುರುತುಗಳು. ಬಸವ ಒಳಗೆ ಬರಬಹುದು, ಬಸಪ್ಪ ಬರುವಂತಿಲ್ಲ. ಶರಣ ಬರಬಹುದು, ಶರಣವ್ವ ಬಾಗಿಲಾಚೆ. ಅತ್ತ ರೋಣ, ಇತ್ತ ಗಜೇಂದ್ರಗಡ, ಇಡೀ ಸೀಮೆಯನ್ನೇ ನಾನು ಎರಡು ದಿನ ಒತ್ತಕ್ಷರದ ಕಾರಣಕ್ಕೆ ಹೊರಗೆ ನಿಲ್ಲಿಸಿದ್ದೆ. ಇದು ನನ್ನ ತಪ್ಪಲ್ಲ, ಆ ನಿಯಮ ಬರೆದವರು ಕನ್ನಡ ಕಂಡವರಲ್ಲ ಎಂದು ಚನ್ನಬಸಣ್ಣನವರಿಗೆ ಅರ್ಧ ತಾಸು ವಿವರಿಸಿದೆ. ಅವರು ನಡುವೆ ಗಿರಾಕಿಯೊಬ್ಬರಿಗೆ ಎರಡು ಸೀರೆ ಮಾರಿದ್ದು ಫೋನಿನಲ್ಲೇ ಕೇಳಿಸಿತು.

ಅದನ್ನು ಸರಿಪಡಿಸಿದ ಉತ್ಸಾಹದಲ್ಲಿ ಇನ್ನಷ್ಟು ನಿಯಮಗಳು ಹುಟ್ಟಿದವು. ‘ಇಲ್ಲ’, ‘ಗೊತ್ತಿಲ್ಲ’, ‘ಬ್ಯಾಡ’, ‘ಆಮ್ಯಾಲೆ ಹೇಳ್ತೀನಿ’ ಈ ಮಾತುಗಳು ಯಾವ ಖಾನೆಯಲ್ಲಿ ಕಂಡರೂ ಅರ್ಜಿ ವಾಪಸು. ಮದುವೆಯಾದ ಹೆಂಗಸಾದರೆ ಗಂಡನ ಹೆಸರು ಕಡ್ಡಾಯ, ಆಗದಿದ್ದರೆ ತಂದೆಯದು. ಗಂಡನ ಹೆಸರಿನ ಜಾಗದಲ್ಲಿ ಕೆಲವರು ತಮ್ಮ ಹೆಸರನ್ನೇ ಇನ್ನೊಮ್ಮೆ ಬರೆದಿದ್ದರು. ಅದಕ್ಕೊಂದು ನಿಯಮ ಮಾಡಿದೆ. ನಾನು ಬರೆದವುಗಳಲ್ಲೆಲ್ಲ ಅದು ನನಗೆ ಅತ್ಯಂತ ಪ್ರೀತಿಯದು. ಆ ಖಾನೆಯ ಹೆಸರು ‘ವ್ವ’ ಎಂದು ಮುಗಿದರೆ ಅದು ಹೆಂಗಸಿನ ಹೆಸರು. ಕೂಡಲೇ ಕೆಂಪಕ್ಷರದಲ್ಲಿ ‘ದಯವಿಟ್ಟು ಪುರುಷರ ಹೆಸರನ್ನು ನಮೂದಿಸಿ’ ಎಂದು ಬರುತ್ತದೆ. ನಮ್ಮ ಭಾಗದ ಹೆಸರುಗಳ ಸ್ವಭಾವವನ್ನೇ ಹಿಡಿದು ಬರೆದ ನಿಯಮ. ಕ್ಲಾಸಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ತಿರಸ್ಕೃತವಾದ ಅರ್ಜಿಗಳೂ ಒಂದು ಕಡೆ ಉಳಿಯುವಂತೆ ಮಾಡಿದ್ದೆ; ನಿಯಮಗಳು ಎಷ್ಟು ಚುರುಕಾಗಿವೆ ಎಂದು ಮುಂದೆ ಎಂದಾದರೂ ತೋರಿಸಲು. ಓದಲು ಮಾತ್ರ ಪುರುಸೊತ್ತು ಆಗಿರಲಿಲ್ಲ. ಮೂರು ವಾರದಲ್ಲಿ ನೂರು ಹೆಸರು ತುಂಬಿ ಪಟ್ಟಿ ಮುಚ್ಚಿತು. ಒಂದು ಕಾಗುಣಿತದ ತಪ್ಪಿಲ್ಲ, ಒಂದು ಖಾಲಿ ಖಾನೆಯಿಲ್ಲ. ಮುದ್ರಿಸಿ ಚನ್ನಬಸಣ್ಣನವರಿಗೆ ಕೊಟ್ಟಾಗ ಅವರು ತಿರುವಿ ನೋಡಿ, ಪಟ್ಟಿ ಚಲೋ ಆಗೈತಿ ಎಂದರು. ಇಷ್ಟು ಕೆಲಸಕ್ಕೆ ಇಷ್ಟೇ ಮಾತು.

ಶಿಬಿರಕ್ಕೆ ಇನ್ನು ಒಂದು ವಾರವಿತ್ತು. ಕಾಲೇಜಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಅರವತ್ತರ ಆಸುಪಾಸು, ತೆಳ್ಳನೆಯ ಆಳು. ಒಂದು ಕೈ ಚೌಕಟ್ಟಿನ ಮೇಲಿತ್ತು. ಹೊಸ್ತಿಲು ಎಲ್ಲಿದೆ ಎಂದು ಕಾಲಿನಿಂದ ಹುಡುಕಿ ಒಳಗೆ ಬಂದಳು. ಅರ್ಜಿ ಮಾಡಿದ ಸರ್ ಯಾರು ಎಂದು ಕೇಳಿದಳು. ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಹೆಸರು ಹುಲಿಗೆವ್ವ, ಗಜೇಂದ್ರಗಡದ ನೇಕಾರಳು, ಎರಡು ವರ್ಷದಿಂದ ಕೆಂಪು ಎಳೆಗೂ ಕರಿ ಎಳೆಗೂ ವ್ಯತ್ಯಾಸ ತಿಳಿಯುತ್ತಿಲ್ಲ, ಮೂರು ಸಲ ಅರ್ಜಿ ಹಾಕಿಸಿದರೂ ಮೂರೂ ಸಲ ಕೆಂಪು ಬಂತು ಎಂದು ಅಂಗಡಿಯವರು ಹೇಳಿದರು, ಅದಕ್ಕೇ ಮಾಡಿದವರನ್ನೇ ಕೇಳೋಣವೆಂದು ಬಸ್ಸು ಹತ್ತಿ ಬಂದೆ ಎಂದಳು.

ನಾನು ರೊಟ್ಟಿ ಪಕ್ಕಕ್ಕಿಟ್ಟು ಕಂಪ್ಯೂಟರಿನಲ್ಲಿ ಅವಳ ಹೆಸರು ಹುಡುಕಿದೆ. ಗಂಡನ ಹೆಸರಿನ ಖಾನೆ. ಮೊದಲ ಸಲ ಖಾಲಿ. ಎರಡನೆಯ ಸಲ ‘ಇಲ್ಲ’. ಮೂರನೆಯ ಸಲ ‘ಸಂಗವ್ವ’. ನನಗೆ ನಿಜಕ್ಕೂ ರೇಗಿತು. ಮೂರೂ ನಿಯಮಗಳನ್ನು ಒಂದಾದ ಮೇಲೊಂದು ಮುರಿದಿದ್ದಾಳೆ! ಗಂಡನ ಹೆಸರಿನ ಜಾಗದಲ್ಲಿ ಹೆಂಗಸಿನ ಹೆಸರು ಬರೆಸಿದ್ದೀಯಲ್ಲ ತಾಯಿ, ಯಾರು ಈ ಸಂಗವ್ವ ಎಂದು ಕೇಳಿದೆ. ನಮ್ಮವ್ವ ಎಂದಳು. ಗಂಡನ ಹೆಸರು ಕಡ್ಡಾಯ, ಅದಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ, ಇದು ಎಲ್ಲರಿಗೂ ಒಂದೇ ಎಂದು ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

“ಪೊರಿ ಬಂದಿದ್ದು ನನ್ನ ಕಣ್ಣಿಗ್ರಿ ಸರ. ನನ್ನ ಗಂಡಗಲ್ಲ.”

ನನ್ನ ಸಿಟ್ಟು ಇನ್ನೂ ಏರಿತು. ಹಾಗಾದರೆ ಮದುವೆ ಆಗಿಲ್ಲ ಎಂದು ಒತ್ತಿಸಬೇಕಿತ್ತು ಎಂದೆ. ಆಗಿರುವಾಗ ಆಗಿಲ್ಲ ಎಂದು ಸುಳ್ಳು ಹೇಗೆ ಹೇಳಲಿ ಎಂದು ಕೇಳಿದಳು. ಗಂಡ ಮೂವತ್ತು ವರ್ಷದ ಹಿಂದೆ ದುಡಿಯಲು ಹೋದವನು ಅಲ್ಲಿಯೇ ಇನ್ನೊಂದು ಮನೆ ಮಾಡಿಕೊಂಡನಂತೆ. ಇದ್ದಾನೆ, ಸತ್ತಿಲ್ಲ. ಇವಳು ತಾಯಿಯ ಮಗ್ಗದ ಮೇಲೆ ಕೂತು ನೇಯ್ದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಲಗ್ನ ಮಾಡಿಕೊಟ್ಟಳು. ಅಂದಿನಿಂದ ಅವನ ಹೆಸರನ್ನು ಬಾಯಿಂದ ಆಡಿಲ್ಲ, ಯಾವ ಕಾಗದಕ್ಕೂ ಬರೆಸಿಲ್ಲ. ಇದನ್ನೆಲ್ಲ ಅವಳು ಅಳುತ್ತ ಹೇಳಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು.

ನನಗೂ ಕರುಳಿದೆ. ದಾರಿ ತೋರಿಸೋಣ ಎಂದು, ಒಂದು ಕೆಲಸ ಮಾಡು, ಯಾವುದಾದರೂ ಗಂಡಸಿನ ಹೆಸರು ಹಾಕಿಬಿಡೋಣ, ಬಸಪ್ಪ ಎಂದು ಹಾಕಿದರೆ ಅರ್ಜಿ ಸಲೀಸಾಗಿ ಒಳಗೆ ಹೋಗುತ್ತದೆ ಎಂದೆ.

“ಯಾವ ಬಸಪ್ಪರಿ?” ಎಂದಳು.

ಯಾವ ಬಸಪ್ಪನೂ ಅಲ್ಲ, ಸುಮ್ಮನೆ ಒಂದು ಹೆಸರು ಎಂದೆ.

ಹುಲಿಗೆವ್ವ ಎದ್ದು ನಿಂತಳು. “ಖರೇ ಹೇಳಿದ್ರ ವಾಪಸ್ ಕಳಸತೈತಿ, ಸುಳ್ಳು ಬರದ್ರ ಒಳಗ ಬಿಡತೈತಿ. ನೀವು ಸಾಲಿ ಕಲಸಾವ್ರು ಸರ, ಇಂಥಾದ್ದು ಯಾಕ ಮಾಡಿದ್ರಿ?”

ಅವಳು ಹೋದ ಮೇಲೆ ರೊಟ್ಟಿ ಕಟ್ಟಿ ಚೀಲಕ್ಕೆ ಹಾಕಿದೆ. ಸಂಜೆ ರೋಣಕ್ಕೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವಳ ಜೊತೆ ವಾದ ಮಾಡಿದೆ. ನಿಯಮ ಎಂದರೆ ನಿಯಮ. ಒಬ್ಬರಿಗಾಗಿ ಬಗ್ಗಿಸಿದರೆ ನಾಳೆ ‘ನಮ್ಮೂರು’ ಎಂದು ಬರೆದವರೂ ಬರುತ್ತಾರೆ. ವಾದ ಬಲವಾಗಿತ್ತು. ಆದರೂ ಪ್ರತಿ ಸಲ ನಾನೇ ಸೋಲುತ್ತಿದ್ದೆ. ಮನೆಗೆ ಬಂದವನು ಚಪ್ಪಲಿ ಬಿಡುತ್ತ ಸುಮಂಗಲಾಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: ಹುಲಿಗೆವ್ವ ಒಬ್ಬಳೇ ವಾಪಸು ಹೋಗಿದ್ದೋ, ಇನ್ನೂ ಇದ್ದಾರೋ?

ತಿರಸ್ಕೃತ ಅರ್ಜಿಗಳನ್ನೆಲ್ಲ ಅಂದು ಮೊದಲ ಸಲ ಓದಲು ಕೂತೆ. ಸುಮಂಗಲಾ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ಗಂಡನ ಹೆಸರಿನ ಖಾನೆಯನ್ನಷ್ಟೇ ಓದುತ್ತ ಹೋದಳು. ‘ತೀರಿಕೊಂಡಾರ, ಈಗ ಇಲ್ಲ.’ ‘ಇಲ್ಲ.’ ‘ಬ್ಯಾಡ, ಹೆಸರು ಹೇಳಿದ್ರ ಹಿರೇರು ಬೈತಾರ.’ ‘ಬಿಟ್ಟು ಹೋಗ್ಯಾನ, ಎಲ್ಲಿ ಅದಾನ ಗೊತ್ತಿಲ್ಲ.’ ‘ಇಲ್ಲ.’ ‘ದೇವರಿಗೆ ಬಿಟ್ಟಾರ, ಗಂಡ ಇಲ್ಲ.’ ‘ನಮ್ಮ ಅಕ್ಕನ ಕೂಡ ಇರತೀನಿ, ಆಕಿ ಹೆಸರು ನೀಲವ್ವ.’ ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಮೂವತ್ತೆಂಟು ಜನ. ಎಲ್ಲರೂ ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಿದವರು. ನನ್ನ ಪ್ರೋಗ್ರಾಂ ಒಬ್ಬೊಬ್ಬರಿಗೂ ದಯವಿಟ್ಟು ಎಂಬ ಮಾತು ಸೇರಿಸಿಯೇ ಬಾಗಿಲು ಹಾಕಿತ್ತು. ನಾನು ಆ ಮೂರು ನಿಯಮಗಳನ್ನು ಅಳಿಸಿದೆ. ಬರೆಯಲು ಒಂದು ವಾರ ಹಿಡಿದಿತ್ತು, ಅಳಿಸಲು ಒಂದು ಗುಂಡಿ.

ಮರುದಿನ ಬೆಳಿಗ್ಗೆ ಚನ್ನಬಸಣ್ಣನವರಿಗೆ ಹೇಳಿದಾಗ ಈ ಸಲ ಸಿಟ್ಟಾಗುವ ಸರದಿ ಅವರದಾಯಿತು. ನೂರು ಅಂದರೆ ನೂರೇ, ಡಾಕ್ಟರುಗಳು ಒಪ್ಪಿದ್ದು ಅಷ್ಟಕ್ಕೇ, ಈಗ ಮೂವತ್ತೆಂಟು ಜನರನ್ನು ಎಲ್ಲಿ ತುರುಕಲಿ, ನಿಮ್ಮ ಪಟ್ಟಿ ನಂಬಿ ನಾನು ಕೆಟ್ಟೆ ಎಂದರು. ಬಂದವರನ್ನು ಒಂದು ಸಲ ನೋಡಿಯಾದರೂ ನೋಡಲಿ ಎಂದು ಬೇಡಿಕೊಂಡೆ. ಕೊನೆಗೆ, ಕರೆಯಿರಿ, ಬಾಗಿಲಲ್ಲಿ ನೀವೇ ನಿಂತು ಅವರಿಗೆ ಉತ್ತರ ಹೇಳಬೇಕು ಎಂದು ಒಪ್ಪಿದರು. ಸುಮಂಗಲಾ ಎರಡು ದಿನ ಕೂತು ಮೂವತ್ತೆಂಟು ಜನರಿಗೂ ಫೋನ್ ಮಾಡಿದಳು. ಸರ್ ಮಾತಾಡಿದರೆ ಅವರು ಹೆದರಿ ಇಟ್ಟುಬಿಡುತ್ತಾರೆ ಎಂದು ನನ್ನ ಕೈಗೆ ಫೋನ್ ಕೊಡಲಿಲ್ಲ.

ಶಿಬಿರದ ದಿನ ನಾನು ಬಾಗಿಲಲ್ಲಿ ನಿಂತೆ. ಪಟ್ಟಿಯ ನೂರು ಜನ ಒಂದು ಸಾಲು, ಈ ಮೂವತ್ತೆಂಟು ಜನ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಡಾಕ್ಟರಮ್ಮ ಪಟ್ಟಿ ಹಿಡಿದು ಹೊರಗೆ ಬಂದು, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ನಾನು ಕೈ ಎತ್ತಿದೆ. ಪಟ್ಟಿಯಲ್ಲಿದ್ದ ಅರ್ಧದಷ್ಟು ಜನರಿಗೆ ಪೊರೆಯೇ ಇರಲಿಲ್ಲವಂತೆ. ಹಲವರಿಗೆ ಚಷ್ಮಾ ಬೇಕಿತ್ತು, ಕೆಲವರಿಗೆ ಬರೀ ಉರಿ, ನರೇಗಲ್ಲಿನ ಒಬ್ಬರು ಮೊಣಕಾಲು ನೋವು ತೋರಿಸಲು ಬಂದಿದ್ದರು. ಅರ್ಜಿಯಲ್ಲಿ ಕಣ್ಣಿಗೆ ಏನಾಗಿದೆ ಎಂದು ನೀವು ಕೇಳಿರಲಿಲ್ಲವೇ ಎಂದರು ಡಾಕ್ಟರಮ್ಮ. ನಾನು ಮನಸ್ಸಿನಲ್ಲೇ ಹನ್ನೆರಡು ಖಾನೆಗಳನ್ನೂ ಎಣಿಸಿದೆ. ಹೆಸರು, ಗಂಡನ ಹೆಸರು, ಊರು, ಓಣಿ, ಪಿನ್‌ಕೋಡ್ ಕೂಡ ಇತ್ತು. ಕಣ್ಣು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಕಾಗುಣಿತದ ತಪ್ಪಿಲ್ಲದ ಆ ಪಟ್ಟಿಯನ್ನು ಚನ್ನಬಸಣ್ಣ ನನ್ನ ಎದುರಿಗೇ ಮಡಚಿ ಬೀಸಣಿಗೆ ಮಾಡಿಕೊಂಡರು. ಆದರೆ ಅದರಿಂದಲೇ ಜಾಗ ಖಾಲಿಯಾಯಿತು. ಎರಡನೆಯ ಸಾಲಿನಲ್ಲಿ ಆಪರೇಷನ್ ಬೇಕಿದ್ದವರಿಗೆಲ್ಲ ಆಯಿತು. ಹುಲಿಗೆವ್ವನಿಗೂ.

ಒಬ್ಬಳೇ ಬಂದಿದ್ದ ಅವಳನ್ನು ಒಳಗೆ ಕರೆದೊಯ್ಯುವ ಮುಂಚೆ ನರ್ಸಮ್ಮ ನನ್ನ ಕೈಗೆ ಒಂದು ಕಾಗದ ಕೊಟ್ಟು, ಜೊತೆಗೆ ಬಂದವರು ಸಹಿ ಮಾಡಬೇಕು, ರೋಗಿಗೂ ನಿಮಗೂ ಏನು ಸಂಬಂಧ ಬರೆಯಿರಿ ಎಂದರು. ನಾನು ‘ಪರಿಚಯ’ ಎಂದು ಬರೆದೆ. ಅದು ನಡೆಯುವುದಿಲ್ಲ, ಗಂಡ, ಮಗ, ಅಣ್ಣ, ತಮ್ಮ ಇಷ್ಟರಲ್ಲಿ ಒಂದಿರಬೇಕು ಎಂದರು. ನನಗೆ ಮೈಯೆಲ್ಲ ಉರಿಯಿತು. ಯಾವನ್ರಿ ಈ ನಿಯಮ ಮಾಡಿದವನು, ಲೋಕದಲ್ಲಿ ನಾಲ್ಕೇ ಸಂಬಂಧ ಇರುತ್ತವೆಯೇ, ಸ್ವಲ್ಪವಾದರೂ ತಲೆ ಬೇಡವೇ ಎಂದು ದನಿ ಏರಿಸಿದೆ. ಕುರ್ಚಿಯಲ್ಲಿ ಕೂತಿದ್ದ ಹುಲಿಗೆವ್ವ ನಗುವುದು ಕೇಳಿಸಿತು. ನರ್ಸಮ್ಮ ಪಾಪ, ಕಾಗದ ಕಸಿದುಕೊಂಡು ‘ಪರಿಚಯ’ವನ್ನೇ ಉಳಿಸಿಕೊಂಡು ಹೋದರು.

ಒಂದೂವರೆ ತಿಂಗಳ ನಂತರ ಗಜೇಂದ್ರಗಡಕ್ಕೆ ಹೋಗುವ ಕೆಲಸವಿತ್ತು. ಹುಲಿಗೆವ್ವನ ಮನೆ ಹುಡುಕಿಕೊಂಡು ಹೋದೆ. ನನಗೆ ಒಂದು ಕೃತಜ್ಞತೆಯ ಮಾತು ಬೇಕಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ಸೀರೆಯ ದಡಿಯ ಕೆಂಪು, ಅದರ ಪಕ್ಕಕ್ಕೆ ಕರಿ, ಎರಡೂ ಬೇರೆಬೇರೆಯಾಗಿ ಚೊಕ್ಕಟವಾಗಿ ಏಳುತ್ತಿದ್ದವು. ಧ್ವನಿಯಿಂದ ಗುರುತಿಸಿ, ಬರ್ರಿ ಸರ ಎಂದು ಕೂರಿಸಿದಳು, ಚಹಾ ಕೊಟ್ಟಳು. ಆಮೇಲೆ ಹತ್ತಿರ ಬಂದು ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು. ಹೊಸ ಕಣ್ಣು. ನಾನು ಸ್ವಲ್ಪ ನೆಟ್ಟಗೆ ಕೂತೆ. ಅವಳು ನನ್ನ ಜುಬ್ಬಾದ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುವಿ ಇದನ್ನು ಎಲ್ಲಿ ಕೊಂಡಿರಿ ಎಂದು ಕೇಳಿದಳು. ಕೈಮಗ್ಗದ್ದು, ನಾನು ಹಬ್ಬ ಹುಣ್ಣಿಮೆಗೆ ಇದನ್ನೇ ಹಾಕುವುದು, ಮೂರು ವರ್ಷವಾಯಿತು ಎಂದೆ. ಕಾಲೇಜಿನಲ್ಲಿ ಇದನ್ನೇ ತೊಟ್ಟು ನೇಕಾರರ ಬದುಕಿನ ಬಗ್ಗೆ ಒಂದು ಭಾಷಣ ಮಾಡಿದ್ದನ್ನೂ ಹೇಳಿದೆ.

“ಮಷೀನಿಂದ್ರಿ ಇದು,” ಎಂದಳು ಹುಲಿಗೆವ್ವ, ತೋಳು ಬಿಟ್ಟು. “ಅರಬಿ ಏನ ಕೆಟ್ಟಿಲ್ರಿ, ಹಾಕ್ಕೊರಿ.”

ಮರಳುವಾಗ ಬಸ್ಸಿನಲ್ಲಿ ನನಗೆ ತಡೆಯಲಾರದ ಸಿಟ್ಟು ಬಂತು. ಮೂರು ವರ್ಷ ನನ್ನನ್ನು ಮೂರ್ಖನನ್ನಾಗಿ ಮಾಡಿದ ಆ ಅಂಗಡಿಯವನಿಗೆ ಏನೇನು ಹೇಳಬೇಕು ಎಂದು ಸಾಲುಸಾಲಾಗಿ ಜೋಡಿಸಿಕೊಂಡೆ. ಜೋಡಿಸುತ್ತಿದ್ದ ಹಾಗೆ ಅಂದು ಅಂಗಡಿಯಲ್ಲಿ ನಡೆದದ್ದು ನೆನಪಾಯಿತು. ಇದು ಕೈಮಗ್ಗದ್ದು ಹೌದಲ್ಲ ಎಂದು ಕೇಳಿದವನು ನಾನು. ಅವನ ಬಾಯಲ್ಲಿ ಎಲೆ ಅಡಿಕೆ ಇತ್ತು. ಉತ್ತರ ಹೇಳಲಿಲ್ಲ, ಹೂಂ ಎನ್ನಲೂ ಇಲ್ಲ, ಸುಮ್ಮನೆ ಜುಬ್ಬಾ ಮಡಚತೊಡಗಿದ. ಅವನು ಖಾಲಿ ಬಿಟ್ಟದ್ದನ್ನು ತುಂಬಿಕೊಂಡವನೂ ನಾನೇ. ನರೇಗಲ್ಲಿನಲ್ಲಿ ಬಸ್ಸು ಬದಲಿಸಿದೆ, ಜಕ್ಕಲಿ ದಾಟಿದೆ, ರೋಣದ ದೀಪಗಳು ಕಂಡವು. ಅಷ್ಟು ದೂರವೂ ಹುಡುಕಿದರೂ ಬೈಯಲು ಇನ್ನೊಬ್ಬರು ಸಿಗಲಿಲ್ಲ.